ಪಾಸಾದ ನಡಿಗೆ

ರಾಮಲಿಂಗ ರಬಕವಿಯಿಂದ ಇಚಲಕರಂಜಿಗೆ ಬಂದಾಗ ಅವನ ಹತ್ತಿರ ಇದ್ದದ್ದು ಒಂದು ಬಟ್ಟೆಯ ಚೀಲ ಮತ್ತು ಎರಡು ಗಟ್ಟಿ ಕಾಲು. ಚೀಲ ಮೊದಲ ಮಳೆಗಾಲದಲ್ಲೇ ಹರಿದುಹೋಯಿತು. ಕಾಲುಗಳು ಮೂವತ್ತೊಂಬತ್ತು ವರ್ಷ ಬಾಳಿಕೆ ಬಂದವು. ಭಾವುಸಾಹೇಬರ ಶೆಡ್ಡಿನಲ್ಲಿ ಎಂಟು ಪವರ್‌ಲೂಮ್ ಮಗ್ಗಗಳನ್ನು ಒಬ್ಬನೇ ನೋಡಿಕೊಳ್ಳುತ್ತಿದ್ದ. ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ, ಕಡಿದ ಎಳೆ ಗಂಟು ಹಾಕುತ್ತ, ಖಾಲಿಯಾದ ಲಾಳಿ ಬದಲಿಸುತ್ತ ಪಾಳಿ ಮುಗಿಯುವವರೆಗೆ ನಡೆದದ್ದೇ ನಡೆದದ್ದು. ನೇಕಾರ ಕೂತು ಉಣ್ಣುತ್ತಾನೆ ಎಂದು ತಿಳಿದವರು ಒಮ್ಮೆ ಆ ಶೆಡ್ಡಿಗೆ ಬಂದು ನೋಡಬೇಕಿತ್ತು.

ಐವತ್ತೈದಕ್ಕೆ ಪಾರ್ಕಿನ್ಸನ್ ಹತ್ತಿತು. ಬೇರೆಯವರಿಗೆ ಕೈ ನಡುಗುತ್ತದೆ, ಇವನಿಗೆ ರೋಗ ನೇರ ನಡಿಗೆಗೇ ಬಂತು. ಬಾಗಿಲು ಬಂದರೆ, ತಿರುವು ಬಂದರೆ, ಯಾರಾದರೂ ಅಡ್ಡ ಬಂದರೆ ಸಾಕು, ಎರಡೂ ಪಾದ ನೆಲಕ್ಕೆ ಅಂಟಿಕೊಂಡುಬಿಡುತ್ತಿದ್ದವು. ಮೈ ನಡೆ ಎನ್ನುತ್ತಿತ್ತು, ಕಾಲು ಒಲ್ಲೆ ಎನ್ನುತ್ತಿತ್ತು. ಸಂಡಾಸಿನ ಬಾಗಿಲಲ್ಲಿ ಹಾಗೆ ನಿಂತು ಎಷ್ಟೋ ಸಲ ಪಾಯಜಾಮ ಒದ್ದೆ ಮಾಡಿಕೊಂಡಿದ್ದ. ಹೆಂಡತಿ ಹೌಸಾಬಾಯಿ ಬೈಯುತ್ತ ಒಗೆಯುತ್ತಿದ್ದಳು. ಶೆಡ್ಡಿನ ಬಾಗಿಲಲ್ಲಿ ನಿಂತರೆ ಜೊತೆಯ ನೇಕಾರ ಮಲ್ಲಾರಿ ಹಿಂದೆಯೇ ಬಂದು, ಅವನಂತೆಯೇ ಮಂಡಿ ಬಾಗಿಸಿ ನಿಂತು, ಚಹಾದ ಹೊತ್ತಿಗೆ ಎಲ್ಲರನ್ನೂ ನಗಿಸುತ್ತಿದ್ದ. ರಾಮಲಿಂಗನೂ ನಗುತ್ತಿದ್ದ. ಅಲ್ಲಿ ನಗದವನಿಗೆ ಮರುದಿನ ಇನ್ನಷ್ಟು ಕಾದಿರುತ್ತದೆ ಎಂಬುದು ಅವನಿಗೆ ಗೊತ್ತಿತ್ತು.

ಆದರೆ ಒಂದು ವಿಚಿತ್ರವಿತ್ತು. ಬಾಗಿಲು ದಾಟಿ ಒಳಗೆ ಹೋದನೆಂದರೆ, ಮಗ್ಗಗಳು ಖಟ್-ಪಟ್ ಖಟ್-ಪಟ್ ಎಂದು ಬಡಿಯುತ್ತಿದ್ದರೆ, ಅವನ ಕಾಲು ಆ ಹೊಡೆತಕ್ಕೆ ಸರಿಯಾಗಿ ಎದ್ದು ಬೀಳುತ್ತಿದ್ದವು. ರೋಗವೇ ಇಲ್ಲದವನಂತೆ ನಡೆಯುತ್ತಿದ್ದ. ಇದನ್ನು ಕಂಡುಕೊಂಡ ಹೌಸಾಬಾಯಿ ಮನೆಯಲ್ಲೂ ಅವನು ನಿಂತಲ್ಲಿ ನಿಂತರೆ ಅದೇ ಲಯದಲ್ಲಿ ಚಪ್ಪಾಳೆ ತಟ್ಟತೊಡಗಿದಳು. ಹೊಸ್ತಿಲಲ್ಲಿ ಸಿಕ್ಕಿಕೊಂಡ ಗಂಡ ಚಪ್ಪಾಳೆಗೆ ಒಳಗೆ ಬರುತ್ತಿದ್ದ. ಚಾಳಿನ ಸಾಲುಮನೆಗಳ ಹೆಂಗಸರು ಬಾಯಿಗೆ ಸೆರಗು ಹಿಡಿದು ನೋಡುತ್ತಿದ್ದರು.

ಹೀಗೇ ಮುದುಕನಾಗಬಹುದಿತ್ತು. ಆದರೆ ಭಾವುಸಾಹೇಬರು ದೀಪಾವಳಿಗೆ ಹಳೆಯ ಮಗ್ಗಗಳನ್ನೆಲ್ಲ ಗುಜರಿಗೆ ಹಾಕಿ ಏರ್‌ಜೆಟ್ ಯಂತ್ರ ತರಿಸುವುದೆಂದು ನಿರ್ಧರಿಸಿದರು. ಅದಕ್ಕೆ ಲಾಳಿಯಿಲ್ಲ, ಗಾಳಿಯೇ ನೂಲನ್ನು ಒಯ್ಯುತ್ತದೆ. ಒಂದು ದಿನ ತಮ್ಮ ಪರಿಚಯದವರ ಶೆಡ್ಡಿಗೆ ರಾಮಲಿಂಗನನ್ನು ಕರೆದುಕೊಂಡು ಹೋಗಿ ಯಂತ್ರ ತೋರಿಸಿದರು. ಒಳಗೆ ಬರೀ ಒಂದೇ ಸಮನೆ ಭೋರೆನ್ನುವ ಸದ್ದು. ಅದರಲ್ಲಿ ಕಾಲಿಗೆ ಹಿಡಿದುಕೊಳ್ಳಲು ಏನೂ ಇರಲಿಲ್ಲ. ಎರಡು ಯಂತ್ರಗಳ ನಡುವೆ ರಾಮಲಿಂಗ ನಿಂತುಬಿಟ್ಟ, ಇಬ್ಬರು ಹಿಡಿದು ಹೊರಗೆ ತಂದರು.

ಭಾವುಸಾಹೇಬರು ಕೆಟ್ಟ ಮನುಷ್ಯರಲ್ಲ, ಅದೇ ತೊಂದರೆ. ಕೆಟ್ಟವರಾಗಿದ್ದರೆ ಬೈದುಕೊಂಡು ಸುಮ್ಮನಿರಬಹುದಿತ್ತು.

"ನೋಡು ರಾಮಲಿಂಗ, ದೀವಳಿಗಿ ತನಕಾ ಟೈಮ್ ಐತಿ. ಕಾಲು ರಿಪೇರಿ ಮಾಡ್ಕೊಂಡ ಬಾ, ಹೊಸಾ ಮಶೀನ್ ಮ್ಯಾಲ ಮೊದಲ್ನೇ ಜಾಗಾ ನಿಂದು. ಆಗಲಿಲ್ಲಂದ್ರ ಮನ್ಯಾಗ ಕುಂಡ್ರು. ನಾಳೆ ನೀ ಮಶೀನಿನ್ಯಾಗ ಬಿದ್ರ ಜೈಲಿಗೆ ಹೋಗಾಂವ ನಾ" ಎಂದರು.

"ಮಾಡ್ಕೊಂಡ ಬರ್ತೇನ್ರಿ ಮಾಲಕ್ರ" ಎಂದ ರಾಮಲಿಂಗ. ಕಾಲನ್ನು ಎಲ್ಲಿ ರಿಪೇರಿ ಮಾಡುತ್ತಾರೆಂದು ಅವನಿಗೇನು ಗೊತ್ತು.

ಗೊತ್ತುಮಾಡಿಕೊಟ್ಟವಳು ಕೊಲ್ಹಾಪುರದ ಆಸ್ಪತ್ರೆಯ ನರರೋಗದ ಡಾಕ್ಟರ್ ಮೃಣಾಲ. ಮೂರು ತಿಂಗಳಿಗೊಮ್ಮೆ ಅವನು ಗುಳಿಗೆ ಬರೆಸಿಕೊಳ್ಳಲು ಹೋಗುತ್ತಿದ್ದದ್ದು ಅವಳ ಹತ್ತಿರವೇ. ಅಲ್ಲಿ ಒಂದು ಪ್ರಯೋಗ ಶುರುವಾಗಿತ್ತು. ಮೆದುಳಿನಿಂದ ಕುತ್ತಿಗೆಯ ಪಕ್ಕಕ್ಕೆ ಹಾಯ್ದು ಹೊಟ್ಟೆಯವರೆಗೆ ಇಳಿಯುವ ವೇಗಸ್ ಎಂಬ ನರವಿದೆ. ಕುತ್ತಿಗೆಯಲ್ಲಿ ನಾಡಿ ಬಡಿಯುವ ಜಾಗಕ್ಕೆ ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಯಂತ್ರವೊಂದನ್ನು ಒತ್ತಿ, ಚರ್ಮದ ಮೇಲಿನಿಂದಲೇ ಆ ನರಕ್ಕೆ ಸಣ್ಣಗೆ ಕರೆಂಟು ಕೊಡುವುದು. ಕೊಯ್ಯುವುದಿಲ್ಲ, ಹೊಲಿಯುವುದಿಲ್ಲ. ದಿನಕ್ಕೆ ಮೂರು ಸಲ, ಹನ್ನೆರಡು ವಾರ. ನಡಿಗೆ ಸುಧಾರಿಸುತ್ತದೆಯೇ ಎಂದು ನೋಡುವುದು.

"ಕಾಕಾ, ಇದು ಇನ್ನೂ ನೋಡೂದೈತಿ, ಗ್ಯಾರಂಟಿ ಇಲ್ಲ" ಎಂದಳು ಮೃಣಾಲ. "ಅರ್ಧಾ ಮಂದಿ ಮಶೀನಿನ್ಯಾಗ ಖರೇ ಕರೆಂಟ್ ಇರತೈತಿ, ಅರ್ಧಾ ಮಂದೀದ್ರಾಗ ಇರೂದಿಲ್ಲ. ಯಾರಿಗೆ ಯಾವ್ದು ಬಂತು ಅನ್ನೂದು ನನಗೂ ತಿಳಿಯೂದಿಲ್ಲ. ಮೊದಲ ನಿಮ್ದೊಂದು ನಡಿಗೀ ಪರೀಕ್ಷಾ ಆಗಬೇಕು. ಆವತ್ತು ಮುಂಜಾನೆ ಗುಳಿಗಿ ತಗೋಬ್ಯಾಡ್ರಿ."

ರಾಮಲಿಂಗನ ಕಿವಿಗೆ ಬಿದ್ದದ್ದು ಪರೀಕ್ಷೆ ಎಂಬ ಒಂದೇ ಮಾತು. ಅದರ ನಂತರದ್ದು ಬೀಳಲಿಲ್ಲವೆಂದಲ್ಲ, ಬಿದ್ದದ್ದನ್ನು ಅವನು ಲೆಕ್ಕಕ್ಕೆ ಹಿಡಿಯಲಿಲ್ಲ.

ಯಾಕೆಂದರೆ ಪರೀಕ್ಷೆ ಅವನಿಗೆ ಹೊಸದಲ್ಲ. ಇಚಲಕರಂಜಿಯ ಶೆಡ್ಡುಗಳಲ್ಲಿ ಹೊಸ ನೇಕಾರ ಕೆಲಸ ಕೇಳಿ ಬಂದರೆ ಕಾಗದಪತ್ರ ಯಾರೂ ನೋಡುವುದಿಲ್ಲ. ಅರ್ಧ ಪಾಳಿ ಮಗ್ಗ ಕೊಡುತ್ತಾರೆ, ಹಳೆಯ ಕೆಲಸಗಾರನೊಬ್ಬ ಹಿಂದೆ ನಿಂತು ನೋಡುತ್ತಾನೆ. ಭಾವುಸಾಹೇಬರಲ್ಲಿ ಇಪ್ಪತ್ತು ವರ್ಷ ಹಾಗೆ ಹಿಂದೆ ನಿಂತವನು ರಾಮಲಿಂಗನೇ. ಜ್ವರ ಬಂದಿದೆ ಎಂದವನಿಗೆ ಅವನು ಮಗ್ಗ ಕೊಡುತ್ತಿರಲಿಲ್ಲ. ಬುದ್ಧಿಯಿದ್ದವನು ಜ್ವರದ ಗುಳಿಗೆ ನುಂಗಿ, ಸ್ನಾನ ಮಾಡಿ, ಮೈಯಲ್ಲಿ ಏನೂ ಇಲ್ಲದವನಂತೆ ಬಂದು ಕೆಲಸ ತೋರಿಸುತ್ತಿದ್ದ. ಪರೀಕ್ಷೆಯ ದಿನ ಬೇನೆ ಹೇಳಿಕೊಳ್ಳುವವನು ದಡ್ಡ ಎಂಬುದು ರಾಮಲಿಂಗನ ಬದುಕಿನ ಗಟ್ಟಿ ತಿಳಿವಳಿಕೆ. ಯಂತ್ರ ಬೆಲೆಬಾಳುವಂಥದ್ದು, ಅದನ್ನು ನೆಟ್ಟಗೆ ನಡೆಯಲೂ ಬಾರದವನ ಕೈಗೆ ಯಾರು ಕೊಡುತ್ತಾರೆ?

ಪರೀಕ್ಷೆಯ ಬೆಳಿಗ್ಗೆ ಅವನು ಹೌಸಾಬಾಯಿ ನೋಡುತ್ತಿದ್ದಂತೆಯೇ ಗುಳಿಗೆ ನುಂಗಿದ. ಒಂದಲ್ಲ, ಒಂದೂವರೆ.

"ಅಯ್ಯ, ಬ್ಯಾಡ ಅಂದಾರಲ್ರೀ!"

"ಹೇಳತಾರ ಹಂಗ. ನಿನಗೇನ ತಿಳೀತೈತಿ, ಸುಮ್ನ ಬಾ."

ಆಸ್ಪತ್ರೆಯ ಉದ್ದನೆಯ ಕೋಣೆಯಲ್ಲಿ ಒಂದು ಕರಿಯ ಚಾಪೆ ಹಾಸಿದ್ದರು. ಕಾಲಿಟ್ಟರೆ ಹೆಜ್ಜೆ ಎಷ್ಟು ಉದ್ದ, ಎಷ್ಟು ಹೊತ್ತು ಎಂದು ಅದೇ ಬರೆದುಕೊಳ್ಳುತ್ತಿತ್ತು. ನಡುವೆ ಒಂದು ಇಕ್ಕಟ್ಟಾದ ಬಾಗಿಲ ಚೌಕಟ್ಟು, ತುದಿಯಲ್ಲಿ ಒಂದು ಕುರ್ಚಿ. ಅವನಿಗಿಂತ ಮೊದಲು ಗಡಹಿಂಗ್ಲಜದ ಜಿನಗೊಂಡ ಎಂಬ ರೈತನ ಸರದಿ. ಆ ಮನುಷ್ಯ ಚೌಕಟ್ಟಿನ ಎದುರು ನಿಂತುಬಿಟ್ಟ, ಮಂಡಿ ನಡುಗಿದವು, ಮುಂದಕ್ಕೆ ಮುಗ್ಗರಿಸಿದವನನ್ನು ಇಬ್ಬರು ಹಿಡಿದುಕೊಂಡರು. ಹೊರಗಿನ ಬೆಂಚಿನಲ್ಲಿ ಕೂತಿದ್ದ ರಾಮಲಿಂಗ ಹೆಂಡತಿಯ ಕಡೆ ವಾಲಿ "ಹ್ವಾದಾ ಬಿಡು ಇಂವ, ಫೇಲ್" ಎಂದ. ಅವನಿಗೆ ನಿಜವಾಗಿಯೂ ಖುಷಿಯಾಗಿತ್ತು. ಬೇರೆಯವರ ಕಾಲೂ ತನ್ನದರಂತೆ ನೆಲಕ್ಕೆ ಹಿಡಿದುಕೊಳ್ಳುವುದನ್ನು ಅವನು ನೋಡಿದ್ದು ಅದೇ ಮೊದಲು.

ತನ್ನ ಸರದಿ ಬಂದಾಗ ಅವನು ನಾಲಿಗೆಯನ್ನು ಹಲ್ಲಿನ ಹಿಂದೆ ಬಡಿಯುತ್ತ ಒಳಗೊಳಗೇ ಮಗ್ಗ ಶುರುಮಾಡಿದ. ಖಟ್-ಪಟ್, ಖಟ್-ಪಟ್. ಗುಳಿಗೆಯೂ ಏರಿತ್ತು. ಚಾಪೆಯ ಮೇಲೆ ಮದುಮಗನಂತೆ ನಡೆದ, ಚೌಕಟ್ಟಿನಲ್ಲಿ ನುಸುಳಿದ, ಕುರ್ಚಿ ಸುತ್ತಿ ತಿರುಗಿ ಬಂದ. ಮೂರು ಸಲ ನಡೆಸಿದರು, ಮೂರು ಸಲವೂ ಹಾಗೇ. ದಾಖಲೆ ನೋಡಿಕೊಳ್ಳುವ ನಿಖಿಲ ಎಂಬವನು ಎಲ್ಲವನ್ನೂ ವಿಡಿಯೋ ಮಾಡಿಕೊಂಡ.

"ಭಾಳ ಛಲೋ ನಡದ್ರಿ ಕಾಕಾ" ಎಂದಳು ಮೃಣಾಲ, ಆಶ್ಚರ್ಯದಿಂದ. "ಗುಳಿಗಿ ತಗೊಂಡಿಲ್ಲಲ್ಲ?"

ಹೌಸಾಬಾಯಿ ಬಾಯಿ ತೆರೆದಳು. ರಾಮಲಿಂಗ ಅವಳನ್ನು ಒಮ್ಮೆ ದಿಟ್ಟಿಸಿದ. ಅವಳು ಬಾಯಿ ಮುಚ್ಚಿದಳು.

"ಇಲ್ರಿ ಬಾಯಾರ" ಎಂದ ಅವನು.

"ಫೋನ್ ಮಾಡ್ತೇವಿ" ಎಂದರು. ಬಸ್‌ಸ್ಟ್ಯಾಂಡಿನ ಹತ್ತಿರ ಅವನು ಅರ್ಧ ಕಿಲೋ ಪೇಢೆ ಕೊಂಡ. ಮರುದಿನ ಶೆಡ್ಡಿನಲ್ಲಿ ಎಲ್ಲರಿಗೂ ಹಂಚಿದ, ಮಲ್ಲಾರಿಗೆ ಎರಡು ಕೊಟ್ಟ. ಭಾವುಸಾಹೇಬರ ಬಾಯಿಗೆ ತಾನೇ ಇಟ್ಟು "ಪಾಸಾದೆ ಮಾಲಕ್ರ" ಎಂದ. ಭಾವುಸಾಹೇಬರು ಅವನ ಬೆನ್ನು ತಟ್ಟಿದರು. ಆ ಒಂದು ವಾರ ಅವನು ಹೊಸ ಯಂತ್ರದ ಮೊದಲ ಜಾಗದಲ್ಲೇ ಬದುಕಿದ.

ಎಂಟನೆಯ ದಿನ ಫೋನ್ ಬಂತು. ನಿಖಿಲ ಮರ್ಯಾದೆಯಿಂದಲೇ ಹೇಳಿದ. ನಡೆಯುವಾಗ ಕಾಲು ಹಿಡಿದುಕೊಳ್ಳುವವರಿಗೆ ಮಾತ್ರ ಈ ಪ್ರಯೋಗ, ನಿಮ್ಮ ಕಾಲು ಹಿಡಿದುಕೊಳ್ಳುವುದಿಲ್ಲ, ನಿಮ್ಮ ನಡಿಗೆ ಚೆನ್ನಾಗಿದೆ, ಆದ್ದರಿಂದ ನೀವು ಬೇಕಾಗಿಲ್ಲ.

"ಮತ್ತ ಆ ಗಡಹಿಂಗ್ಲಜದಾಂವ?"

"ಅವರನ್ನ ತಗೊಂಡೇವ್ರಿ."

ರಾಮಲಿಂಗ ಮೊದಲು ಜಿನಗೊಂಡ ಯಾರಿಗೋ ಕೈ ಬಿಸಿ ಮಾಡಿದ್ದಾನೆಂದು ಬೈದ. ಆಮೇಲೆ ಡಾಕ್ಟರನ್ನು ಬೈದ. ಸಂಜೆಯವರೆಗೆ ಬೈದು ಬೈದು ದಣಿದ ಮೇಲೆ, ಉಣ್ಣಲು ಕೂತಾಗ, ವಿಷಯ ಅವನ ತಲೆಗೆ ಹೋಯಿತು. ಅಲ್ಲಿ ಬೀಳುವವನೇ ಪಾಸು. ತಾನು ಕಲಿತ ಬುದ್ಧಿಯನ್ನೆಲ್ಲ ಖರ್ಚು ಮಾಡಿ ಫೇಲಾಗಿದ್ದ. ಅವನು ತಟ್ಟೆ ಸರಿಸಿದ. ನಾಚಿಕೆಯಿಂದ ಅವನ ಕಿವಿ ಸುಡುತ್ತಿತ್ತು.

"ನಾಳೆ ಹೋಗಿ ಖರೇ ಹೇಳೂಣು" ಎಂದಳು ಹೌಸಾಬಾಯಿ.

ಮರುದಿನ ಅವನು ಗುಳಿಗೆ ಮುಟ್ಟಲಿಲ್ಲ. ಬಸ್ಸು ಹಾತಕಣಂಗಲೆ ದಾಟುವಷ್ಟರಲ್ಲಿ ಮೈ ಕಟ್ಟಿಗೆಯಾಗಿತ್ತು. ಕೊಲ್ಹಾಪುರದಲ್ಲಿ ಬಸ್ಸಿನಿಂದ ಇಳಿಸಿ, ರಿಕ್ಷಾಕ್ಕೆ ಹತ್ತಿಸಿ, ಆಸ್ಪತ್ರೆಯ ಮೊಗಸಾಲೆಯಲ್ಲಿ ಚಪ್ಪಾಳೆ ತಟ್ಟುತ್ತ ಹೌಸಾಬಾಯಿ ಅವನನ್ನು ತಂದು ನಿಖಿಲನ ಕೋಣೆಯ ಹೊರಗೆ ನಿಲ್ಲಿಸಿದಳು. ಡಾಕ್ಟರ್ ಮೃಣಾಲ ಆ ವಾರ ಪುಣೆಗೆ ಹೋಗಿದ್ದಳು. ಇನ್ನೂ ಎರಡು ಜಾಗ ಖಾಲಿ ಇದ್ದವು, ಅವು ಅಂದು ಸಂಜೆಯೊಳಗೆ ತುಂಬಬೇಕಿತ್ತು.

"ಸಾಹೇಬ್ರ, ಅವತ್ತು ನಾ ಗುಳಿಗಿ ತಗೊಂಡಿದ್ದೆ" ಎಂದ ರಾಮಲಿಂಗ ಬಾಗಿಲ ಆಚೆಯಿಂದಲೇ. "ಸುಳ್ಳ ಹೇಳೇನಿ. ನನ್ನ ಕಾಲು ಹಿಡೀತಾವ್ರಿ. ನೋಡ್ರಿ, ಈಗೂ ಹಿಡದಾವು."

ನಿಖಿಲ ಮೇಲಿನಿಂದ ಕೆಳಗೆ ನೋಡಿದ. ಇಂಥ ನಾಲ್ಕು ಮಂದಿಯನ್ನು ಅವನು ಆ ತಿಂಗಳಲ್ಲಿ ನೋಡಿದ್ದ. ಬೇಕಾಗಿಲ್ಲ ಎಂದ ಮೇಲೆ ಎಲ್ಲರಿಗೂ ಕಾಲು ಹಿಡಿಯತೊಡಗುತ್ತದೆ.

"ಕಾಕಾ, ಆವತ್ತಿನ ವಿಡಿಯೋ ನನ್ನ ಕಡೆ ಐತಿ" ಎಂದು ಕಂಪ್ಯೂಟರನ್ನು ಬಾಗಿಲ ಕಡೆ ತಿರುಗಿಸಿದ. ಅದರಲ್ಲಿ ರಾಮಲಿಂಗ ಎದೆಯೆತ್ತಿ ನಡೆಯುತ್ತಿದ್ದ. ಬಾಗಿಲಲ್ಲಿ ನಿಂತ ರಾಮಲಿಂಗ ತನ್ನನ್ನೇ ನೋಡಿ ಹೊಟ್ಟೆ ಉರಿದುಕೊಂಡ.

"ಅದು ಸುಳ್ಳರೀ. ಇದು ಖರೇ."

"ಒಳಗ ಬರ್ರಿ, ಕುಂತ ಮಾತಾಡೂಣು."

"ಬರಾಕ ಆಗವಲ್ದಲ್ರಿ ಸಾಹೇಬ್ರ!"

ನಿಖಿಲ ಕಾದ. ಒಂದು ನಿಮಿಷವಾಯಿತು. ರಾಮಲಿಂಗನ ಹಿಮ್ಮಡಿ ಏಳುತ್ತಿತ್ತು, ಬೆರಳು ಏಳುತ್ತಿರಲಿಲ್ಲ. ಹಣೆಯಲ್ಲಿ ಬೆವರು ಬಂತು. ನಿಖಿಲನ ಮುಖ ಮೆಲ್ಲಗೆ ಬದಲಾಗುತ್ತಿತ್ತು, ಪೆನ್ನು ಕೈಗೆತ್ತಿಕೊಂಡ. ಇನ್ನೊಂದೇ ನಿಮಿಷ ಹಾಗೆ ನಿಂತಿದ್ದರೆ ಸಾಕಿತ್ತೇನೋ. ಬದುಕಿನಲ್ಲಿ ಮೊದಲ ಸಲ ರಾಮಲಿಂಗ ತನ್ನ ಕಾಲುಗಳಿಗೆ, ಏಳಬೇಡಿ, ಹೀಗೇ ಇರಿ ಎಂದು ಬೇಡಿಕೊಂಡ.

ಅಷ್ಟರಲ್ಲಿ ಮೊಗಸಾಲೆಯಲ್ಲಿ ಸ್ಟ್ರೆಚರ್ ಬಂತು. ಮಲಗಿದವನ ಮುಖದ ತುಂಬ ರಕ್ತ. "ಬಾಜೂಲಾ ವ್ಹಾ! ಏ ಬಾಜೂಲಾ!" ಎಂದು ವಾರ್ಡಿನವರು ದಾರಿ ಬಿಡಲು ಕೂಗುತ್ತ ತಳ್ಳಿಕೊಂಡು ಓಡಿಬರುತ್ತಿದ್ದರು. ರಾಮಲಿಂಗ ದಾರಿಗೆ ಅಡ್ಡ ನಿಂತಿದ್ದ. ಹೌಸಾಬಾಯಿ ಏನನ್ನೂ ಯೋಚಿಸಲಿಲ್ಲ. ಮೂರು ವರ್ಷದಿಂದ ದಿನಕ್ಕೆ ಇಪ್ಪತ್ತು ಸಲ ಮಾಡಿದ್ದನ್ನೇ ಮಾಡಿದಳು. ಖಟ್-ಪಟ್, ಖಟ್-ಪಟ್ ಎಂದು ಚಪ್ಪಾಳೆ ತಟ್ಟಿದಳು.

ಕಾಲು ಎದ್ದವು. ರಾಮಲಿಂಗ ಹೊಸ್ತಿಲು ದಾಟಿದ, ಮೇಜಿನವರೆಗೆ ಆರು ಹೆಜ್ಜೆ ಸರಾಗವಾಗಿ ನಡೆದ, ನಿಖಿಲನ ಎದುರಿನ ಕುರ್ಚಿಯಲ್ಲಿ ಕೂತ. ಹಿಂದೆ ಸ್ಟ್ರೆಚರ್ ಹಾದುಹೋಯಿತು.

ನಿಖಿಲ ಪೆನ್ನು ಕೆಳಗಿಟ್ಟ. ಅವನಿಗೆ ಸಿಟ್ಟೇನೂ ಬರಲಿಲ್ಲ, ನಗು ಬಂತು.

"ಹೆಂಗ ಬಂದ್ರಿ ನೋಡ್ರಿ. ಬಾಯಾರು ಚಪ್ಪಾಳಿ ಹೊಡದ್ರ ಕಾಲು ಬಿಡ್ತಾವು, ನಾ ಕರದ್ರ ಹಿಡೀತಾವು. ಹೋಗ್ಲಿ ಬಿಡ್ರಿ ಕಾಕಾ, ಖರೇ ಬ್ಯಾನಿ ಇದ್ದವರಿಗೆ ಸಿಗಲಿ ಅದು."

ಹೌಸಾಬಾಯಿ ಅಳುತ್ತ ಹೇಳಿದಳು, ಮಗ್ಗದ ಸದ್ದಿಗೆ ಹೀಗೇ ಆಗುತ್ತದೆ ಎಂದಳು, ದೇವರ ಆಣೆ ಹಾಕಿದಳು. ಡಾಕ್ಟರ್ ಬಂದ ಮೇಲೆ ತಿಳಿಸುತ್ತೇನೆ ಎಂದು ನಿಖಿಲ ಒಂದು ಚೀಟಿಯಲ್ಲಿ ಬರೆದುಕೊಂಡ. ಸಂಜೆಯೊಳಗೆ ಎರಡು ಜಾಗವೂ ತುಂಬುತ್ತವೆ ಎಂಬುದು ಮೂವರಿಗೂ ಗೊತ್ತಿತ್ತು.

ಬಸ್ಸಿನಲ್ಲಿ ಭಾವುಸಾಹೇಬರ ಫೋನ್ ಬಂತು, ಹೌಸಾಬಾಯಿಯೇ ಮಾತಾಡಿದಳು. ಸಿಗಲಿಲ್ಲ ಎಂದಳು. ಆ ಕಡೆಯಿಂದ ಭಾವುಸಾಹೇಬರು, ಹಳೆಯ ಮಗ್ಗ ಒಡೆಯುವವರು ಸೋಮವಾರವೇ ಬರುತ್ತಿದ್ದಾರೆ, ರಾಮಲಿಂಗನನ್ನು ಇನ್ನು ಕಳಿಸಬೇಡ, ಅವನ ಅಂಗಿ ಡಬ್ಬಿ ಮಲ್ಲಾರಿಯ ಕೈಯಲ್ಲಿ ಮನೆಗೆ ಕೊಟ್ಟು ಕಳಿಸುತ್ತೇನೆ ಎಂದರು.

ರಾಮಲಿಂಗ ಕಿಟಕಿಯ ಕಡೆಗೇ ಮುಖ ಮಾಡಿದ್ದ. ಹೆಂಡತಿ ಮೊಬೈಲ್ ಚೀಲಕ್ಕೆ ಹಾಕಿಕೊಂಡ ಮೇಲೆ ಅವಳ ಕಡೆ ತಿರುಗಿದ.

"ಕೈ ಐತೋ ಕೊರಡೋ ನಿಂದು? ಒಂದ ನಿಮಿಷ ತಡೀಲಾರದ ಹೋದಿ. ನನ್ನ ಅನ್ನಾ ನೀನ ಕಸಗೊಂಡಿ. ಇನ್ನ ಮ್ಯಾಲ ನನ್ನ ಮುಂದ ಚಪ್ಪಾಳಿ ಹೊಡದಿ ಅಂದ್ರ ಆ ಕೈ ಮುರದ ಹಾಕ್ತೇನಿ."

ಬಸ್ಸಿನವರೆಲ್ಲ ತಿರುಗಿ ನೋಡಿದರು. ಹೌಸಾಬಾಯಿಯ ಅಳು ಅಲ್ಲಿಗೇ ನಿಂತಿತು.

ಇಚಲಕರಂಜಿ ಸ್ಟ್ಯಾಂಡಿನಲ್ಲಿ ಅವಳು ಮೊದಲು ಇಳಿದಳು. ರಾಮಲಿಂಗ ಕಂಬಿ ಹಿಡಿದು ಬಾಗಿಲವರೆಗೆ ಬಂದ, ಮೆಟ್ಟಿಲ ಮೇಲೆ ಕಾಲು ಹಿಡಿದುಕೊಂಡಿತು. ಹಿಂದೆ ಜನ ಒತ್ತುತ್ತಿದ್ದರು. "ಅಹೋ ಆಜೋಬಾ, ಲವಕರ ಉತರಾ ಕೀ!" ಎಂದು ಕಂಡಕ್ಟರ್ ಬೇಗ ಇಳಿಯಲು ಕೂಗಿದ. ರಾಮಲಿಂಗ ಕೆಳಗೆ ನಿಂತ ಹೆಂಡತಿಯನ್ನು ನೋಡಿದ. ಅವನ ನಾಲಿಗೆ ಆ ಬೆಳಿಗ್ಗೆಯಿಂದ ಗುಳಿಗೆಯಿಲ್ಲದೆ ದಪ್ಪಗಾಗಿತ್ತು, ತಾನೇ ಲಯ ಹಾಕಿಕೊಳ್ಳಲು ಆಗಲಿಲ್ಲ.

"ಹೌಸಾ" ಎಂದ.

ಅವಳ ಕೈಗಳು ಎದೆಯ ಮಟ್ಟಕ್ಕೆ ಬಂದವು. ಅಲ್ಲಿಗೆ ಬಂದು ನಿಂತವು. ಆಮೇಲೆ ಅವಳು ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಳು.

"ನೀವ ಬ್ಯಾಡಂದೀರಿ" ಎಂದಳು.

ಹಿಂದಿನಿಂದ ಯಾರೋ ನೂಕಿದರು.