ನೇತ್ರಾ ಕೈ ಸಡಿಲಿಸಿದ್ದು

ಮಸಗುಪ್ಪಿಯ ಗುರುಲಿಂಗಪ್ಪನ ಮಗಳು ನೇತ್ರಾ ಹುಡುಗಿಯಾಗಿದ್ದಾಗಲೇ ಎತ್ತು ಕಟ್ಟಿ ಹೊಲದಲ್ಲಿ ಕುಂಟೆ ಹೊಡೆದವಳು. ಅಪ್ಪನ ಶಾಸ್ತ್ರ ಒಂದೇ: ಹೊಲದ ತುದಿಯಲ್ಲಿ ತಿರುಗುವಾಗ ಕುಂಟೆಯನ್ನು ನೀನೇ ಎತ್ತಿ ಹಿಡಿ, ಎತ್ತಿನ ಹೆಗಲಿಗೆ ಬಿಡಬೇಡ. ಆ ಮನೆಯಲ್ಲಿ ತನ್ನ ಭಾರವನ್ನು ದುಡಿಯುವ ಜೀವಕ್ಕೆ ದಾಟಿಸುವುದೆಂದರೆ ಪಾಪ. ಇಂಥವಳು ಹೋಗಿ ಬೆಳಗಾವಿ ಹತ್ತಿರದ ವಿಮಾನ ತರಬೇತಿ ಶಾಲೆ ಸೇರಿದಳು.

ಎರಡು ಸೀಟಿನ ಪುಟ್ಟ ವಿಮಾನ. ಮೇಲೇರಿದರೆ ಘಟಪ್ರಭೆಯೂ ಗೋಕಾಕದ ಗುಡ್ಡಗಳೂ ಒಂದೇ ನೋಟಕ್ಕೆ ಸಿಗುತ್ತಿದ್ದವು. ಹಾರುವುದು ಅವಳಿಗೆ ನೀರು ಕುಡಿದಷ್ಟು ಸಲೀಸು. ತಾಪತ್ರಯವೆಲ್ಲ ಇಳಿಯುವಾಗ.

ವೇಗ ತಗ್ಗಿದಂತೆ ವಿಮಾನದ ಮೂಗು ಬಾಗುತ್ತದೆ. ಅದು ಬಾಗದಂತೆ ಮುಂದಿನ ಹಿಡಿಕೆಯನ್ನು ತನ್ನತ್ತ ಎಳೆದೇ ಹಿಡಿಯಬೇಕು. ಆ ಎಳೆತವನ್ನು ತಾನು ಹೊರಲೆಂದೇ ಟ್ರಿಮ್ ಎಂಬ ಸಣ್ಣ ಚಕ್ರ ಸೀಟಿನ ಬದಿಗಿದೆ. ನೇತ್ರಾ ಅದನ್ನು ಮುಟ್ಟಿದಂತೆ ಮಾಡಿ ಬಿಡುತ್ತಿದ್ದಳು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಲ್ಲ, ಯಂತ್ರಕ್ಕೂ ಎತ್ತಿನ ಮರ್ಯಾದೆ ಕೊಟ್ಟ ಪುಣ್ಯಾತ್ಗಿತ್ತಿ. ರನ್‌ವೇ ಹತ್ತಿರ ಬರುವಷ್ಟರಲ್ಲಿ ತೋಳು ಮರಗಟ್ಟಿರುತ್ತಿತ್ತು. ಮೂಗನ್ನು ಮೆಲ್ಲಗೆ ಎತ್ತಬೇಕಾದ ಕೊನೆಯ ಗಳಿಗೆಯಲ್ಲಿ, ಅದೇ ಫ್ಲೇರ್‌ನಲ್ಲಿ, ಅವಳದು ಬರೀ ಜಗ್ಗಾಟ. ವಿಮಾನ ಚಂಗನೆ ಮೇಲೆದ್ದು ದೊಪ್ಪನೆ ಕುಕ್ಕರಿಸುತ್ತಿತ್ತು. ಜೊತೆಯವರೆಲ್ಲ ಕಲಿಸುವವರು ಪಕ್ಕದಲ್ಲಿಲ್ಲದೆ ಒಬ್ಬೊಬ್ಬರೇ ಹಾರಿ ಬಂದಿದ್ದರು. ಇವಳಿಗೆ ಉಳಿದದ್ದು ಒಂದೇ ಪರೀಕ್ಷೆ. ಅದೂ ಕೆಟ್ಟರೆ ಗಂಟುಮೂಟೆ ಕಟ್ಟಬೇಕು.

ಕಲಿಸುವ ಕ್ಯಾಪ್ಟನ್ ದಾಕ್ಷಾಯಿಣಿ ಹುಕ್ಕೇರಿ ಕಡೆಯ ಬೆಲ್ಲದ ಬಾಗೇವಾಡಿಯವರು. ಪರೀಕ್ಷೆಯ ಬೆಳಿಗ್ಗೆ ಕೇಳಿಯೇ ಬಿಟ್ಟರು: "ಚಕ್ರ ಯಾಕ ತಿರಗಸಾಂಗಿಲ್ಲ ನೀ?"

"ಅದರ ಮ್ಯಾಲೆ ಭಾರ ಹಾಕಿ ನಾ ಆರಾಮ ಕುಂದ್ರೂದು ಸರಿ ಅನಸೂದಿಲ್ರಿ, ಮೇಡಂ."

ದಾಕ್ಷಾಯಿಣಿ ನಗಲಿಲ್ಲ. ಅವರೂ ಎತ್ತು ಕಟ್ಟಿದ ಮನೆಯವರೇ. "ಇದಕ್ಕ ಹೆಗಲಿಲ್ಲ, ನೋವಿಲ್ಲ. ನಿನ್ನ ಕೈ ಸೋತ್ರ ಇದನ್ನ ಇಳಸಾವ್ರು ಯಾರು? ಭಾರ ಚಕ್ರಕ್ಕ ಕೊಡು. ಕೈ ಕಡೀ ಹತ್ತು ಸೆಕೆಂಡಿಗಿ ಉಳಸ್ಕೊ."

ಅವತ್ತು ನೇತ್ರಾ ಅಳುಕುತ್ತಲೇ ಚಕ್ರ ತಿರುಗಿಸಿದಳು. ಮೂರು ಸಲ ನೆಟ್ಟಗೆ ಇಳಿದದ್ದನ್ನು ನೋಡಿ ದಾಕ್ಷಾಯಿಣಿ ಸೀಟು ಬಿಟ್ಟು ಕೆಳಗಿಳಿದರು. "ಈಗ ಒಬ್ಬಾಕಿನ ಹೋಗಿ ಬಾ."

ಪಕ್ಕದ ಸೀಟು ಖಾಲಿ. ಒಂದು ಸುತ್ತು ಹೊಡೆದು ರನ್‌ವೇಗೆ ಮುಖ ಮಾಡಿದ ನೇತ್ರಾ ಸೀಟಿನ ಬದಿಗೆ ಕೈ ಚಾಚಿದಳು. ಚಕ್ರ ತಿರುಗಿಸಿದಳು. ಹಿಡಿಕೆ ಎಷ್ಟು ಹಗುರಾಯಿತೆಂದರೆ ಎರಡು ಬೆರಳು ಸಾಕಾದವು. ನೆಲ ಹತ್ತಿರವಾಯಿತು. ಎಂಜಿನ್ ತಗ್ಗಿಸಿ, ರನ್‌ವೇಯ ಆಚೆ ತುದಿಗೆ ಕಣ್ಣು ನೆಟ್ಟು, ಮೂಗನ್ನು ಕೂದಲೆಳೆಯಷ್ಟು ಎತ್ತಿದಳು.

ವಿಮಾನ ಬೀಳಲಿಲ್ಲ, ಏಳಲಿಲ್ಲ. ಗೇಣೆತ್ತರದಲ್ಲಿ ತೇಲುತ್ತ ಹೋಯಿತು. ಗಾಳಿಯೆಂದರೆ ಏನೂ ಇಲ್ಲದ್ದು ಎಂದೇ ಅವಳು ತಿಳಿದಿದ್ದಳು. ಆ ಏನೂ ಇಲ್ಲದ್ದು ಈಗ ಅವಳನ್ನು ಹೊತ್ತುಕೊಂಡಿತ್ತು. ಎಂಥ ಸೋಜಿಗ ಎಂದು ಅವಳ ಕಣ್ಣು ತುಂಬಿದವು. ಉಸಿರು ಬಿಗಿಹಿಡಿದು, ವಿಮಾನ ಎಂದಿನಂತೆ ದೊಪ್ಪನೆ ಕುಕ್ಕರಿಸುವುದನ್ನೇ ಕಾಯುತ್ತ ಕೂತಳು.

ರೇಡಿಯೋದಲ್ಲಿ ದಾಕ್ಷಾಯಿಣಿಯ ದನಿ ಬಂತು: "ನೇತ್ರಾ, ಗಾಲಿ ನೆಲಾ ಮುಟ್ಟಿ ಆಗಳೇ ಹೊತ್ತಾತು. ಬ್ರೇಕ್ ಹಿಡಿ."