ನನ್ನ ತರಗತಿಯಲ್ಲಿ ನನ್ನ ಮಗಳು

ಶಾಲೆಗೆ ಸೇರುವ ಮೊದಲು ನನ್ನ ಮಗಳು ಮೂರು ಭಾಷೆ ಆಡುತ್ತಿದ್ದಳು. ನಿಪ್ಪಾಣಿಯ ನಮ್ಮ ಓಣಿಯಲ್ಲಿ ಅದೇನು ದೊಡ್ಡ ಮಾತಲ್ಲ. ಮನೆಯಲ್ಲಿ ಕನ್ನಡ, ಎದುರು ಮನೆಯ ಮಾವಶಿಯ ಜೊತೆ ಮರಾಠಿ, ಪಕ್ಕದ ಮನೆಯ ಖಾಲಾ ಜೊತೆ ಉರ್ದು. ನನ್ನ ಅತ್ತೆ ಕಟ್ಟೆಯ ಮೇಲೆ ಬೀಡಿ ಕಟ್ಟುವಾಗ ಮಗಳು ಪಕ್ಕದಲ್ಲಿ ಕೂತು ಹರಿದ ಎಲೆಗಳನ್ನು ಬೇರೆ ಮಾಡಿ ಕೊಡುತ್ತಿದ್ದಳು. ಒಂದು ಕಟ್ಟಿಗೆ ಇಪ್ಪತ್ತೈದು ಬೀಡಿ; ಅಷ್ಟರ ತನಕ ಎಣಿಸಲು ಅವಳು ಕಲಿತದ್ದು ಅಲ್ಲೇ. ಕುಳ್ಳಿರಿಸಿ ಯಾರೂ ಕಲಿಸಲಿಲ್ಲ.

ನಾನು ಊರಿನ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ನರ್ಸರಿ ಟೀಚರ್. ಮಗಳಿಗೆ ಮೂರು ತುಂಬುತ್ತಲೇ ಹೆಡ್ ಮೇಡಂ ಕರೆದು, “ಟೀಚರ್ ಮಗಳ ಬರದಿದ್ರ ಬ್ಯಾರೆಯವ್ರು ತಮ್ಮ ಮಕ್ಕಳನ್ನ ಹೆಂಗ ಕಳಸ್ತಾರ್ರಿ?” ಎಂದರು. “ಇನ್ನೂ ಸಣ್ಣಾಕಿ ಅದಾಳ, ಒಂದ್ ವರ್ಷ ಆಡಲಿ,” ಎಂದು ಅತ್ತೆ ಹೇಳಿದರು. ನಾನು ಕೇಳಲಿಲ್ಲ. ನನ್ನ ತರಗತಿಯಲ್ಲೇ ಸೇರಿಸಿದೆ.

ಎರಡನೇ ವಾರ ಅವಳು ಬೆಂಚಿನಿಂದ ಎದ್ದು, “ಅವ್ವಾ, ಉಚ್ಚಿ ಬಂದೈತಿ,” ಎಂದಳು. ಬಾಗಿಲಲ್ಲಿ ಹೆಡ್ ಮೇಡಂ ನಿಂತಿದ್ದರು.

“ಅವ್ವ ಅಲ್ಲ, ಮಿಸ್ ಅನ್ನು. ಇಂಗ್ಲಿಷ್‌ನ್ಯಾಗ ಕೇಳು,” ಎಂದೆ.

ಅವಳು ನನ್ನ ಮುಖವನ್ನೇ ನೋಡುತ್ತ ನಿಂತಳು. ಆ ಇಂಗ್ಲಿಷ್ ವಾಕ್ಯ ಅವಳಿಗೆ ಬರಲಿಲ್ಲ. ನಿಂತಲ್ಲೇ ಫ್ರಾಕು ಒದ್ದೆಯಾಯಿತು. ಮಕ್ಕಳು ನಕ್ಕವು. ಆಯಾಳನ್ನು ಕರೆದು ನೆಲ ಒರೆಸಲು ಹೇಳಿ ನಾನು ಪಾಠ ಮುಂದುವರಿಸಿದೆ. ಮಗಳನ್ನು ಎತ್ತಿಕೊಳ್ಳಲಿಲ್ಲ.

ಆಮೇಲೆ ಅವಳು ತರಗತಿಯಲ್ಲಿ ತಾನಾಗಿ ಬಾಯಿ ಬಿಡಲಿಲ್ಲ. ಮನೆಯಲ್ಲೂ ಮಾತು ಕಡಿಮೆಯಾಯಿತು. ಒಂದು ಸಂಜೆ ಅತ್ತೆ ಒಳಗೆ ಬಂದು, “ನಿನ್ನ ಮಗಳು ನೀರ್ ಕುಡಿಯಾಕ ನನ್ನ ಪರವಾನಗಿ ಕೇಳಾಕತ್ತಾಳ,” ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಶಾಲೆ ಬಿಡಿಸೋಣ ಎಂದು ಗಂಡನಿಗೆ ಹೇಳಿದೆ. “ಈಗ ಬಿಡಿಸಿದ್ರ ಹಿಂದ ಬೀಳ್ತಾಳ,” ಎಂದರು. ಆ ಹೆದರಿಕೆ ನನಗೂ ಇತ್ತು. ಅದನ್ನು ಬೇರೆ ತಾಯಂದಿರ ಮನಸ್ಸಿನಲ್ಲಿ ಬಿತ್ತುತ್ತ ಬಂದವಳೇ ನಾನು. ಮತ್ತೆ ಆ ಮಾತು ಎತ್ತಲಿಲ್ಲ.

ಈಗ ಅವಳಿಗೆ ಎಂಟು ವರ್ಷ, ಶಾಲೆಯಲ್ಲಿ ಮೂರನೇ ಇಯತ್ತೆ. ಅಕ್ಷರ ಮುತ್ತಿನಂತೆ. ಪಾಲಕರ ಸಭೆಯಲ್ಲಿ ಎಲ್ಲರೂ ಹೊಗಳುತ್ತಾರೆ. ಆದರೆ ಇದು ಯಾಕೆ, ಅದು ಹೆಂಗೆ ಎಂದು ಅವಳು ಏನನ್ನೂ ಕೇಳುವುದಿಲ್ಲ. ಖಾಲಾ ಮಾತಾಡಿಸಿದರೆ ನನ್ನ ಕಡೆ ನೋಡುತ್ತಾಳೆ.

ಕಳೆದ ಭಾನುವಾರ ಅವಳ ತಲೆ ಹಿಕ್ಕುತ್ತ ಆ ದಿನದ ಸಂಗತಿ ಎತ್ತಿದೆ. “ತಪ್ಪು ನಂದವ್ವಾ,” ಎಂದೆ.

“ಇಲ್ಲ,” ಎಂದಳು, ತಿರುಗಿ ನೋಡದೆ. “ನಾ ಇಂಗ್ಲಿಷ್‌ನ್ಯಾಗ ಕೇಳಬೇಕಾಗಿತ್ತು.”

ಜಡೆ ಹೆಣೆದು ಮುಗಿಸಿದೆ. ಮರುದಿನ ನರ್ಸರಿಗೆ ಹೊಸದಾಗಿ ನಾಲ್ಕು ಮಕ್ಕಳು ಬಂದವು. ಅಳುತ್ತಿದ್ದವುಗಳನ್ನು ಒಳಗೆ ಎಳೆದುಕೊಂಡು ನಾನೇ ಬಾಗಿಲು ಹಾಕಿದೆ.