ಎದುರು ಮೇಳಕ್ಕೆ ಎತ್ತಿಕೊಟ್ಟ ಸೊಲ್ಲು

ಯಲಬುರ್ಗಾ ಬಸ್‌ಸ್ಟ್ಯಾಂಡಿನ ಹಿಂದೆ ಹತ್ತಿ ಹಿಂಜಿ ಗಾದಿ ಹೊಲಿಯುವ ದಾದೇಸಾಬನನ್ನು ಮಾತಿಗೆಳೆದರೆ ನಿಮ್ಮ ಅರ್ಧ ದಿನ ಹೋಯಿತೆಂದೇ ತಿಳಿಯಿರಿ. ಗಾದಿ ಕೇಳಲು ಹೋದವರಿಗೆ ಮೊದಲು ಒಂದು ಮೊಹರಂ ಪದ, ಆಮೇಲೆ ಗಾದಿ. ಇಪ್ಪತ್ತೆಂಟು ವರ್ಷಗಳಿಂದ ಮೊಹರಂನಲ್ಲಿ ಬೆಂಕಿ ಹಾಕುವ ಅಲಾಯಿ ಕುಣಿಯ ಮುಂದೆ ಅವನ ಮೇಳ ಪದದಲ್ಲಿ ಸವಾಲು ಹಾಕುತ್ತದೆ, ರೈತ ಕರಿಬಸಪ್ಪನ ಮೇಳ ಪದದಲ್ಲೇ ಜವಾಬು ಕೊಡುತ್ತದೆ. ಹಾಡುವವನ ಉಸಿರು ಕಟ್ಟಿದರೆ, ಸಾಲು ಮರೆತರೆ, ಎದುರು ಮೇಳದವನೇ ಸೊಲ್ಲು ಎತ್ತಿಕೊಡಬೇಕು. ಪದ ಅರ್ಧಕ್ಕೆ ನಿಲ್ಲಬಾರದು, ಅದು ರೂಢಿ. ಯಾರು ಗೆದ್ದರು ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಈ ವರ್ಷ ಗಂಗಾವತಿಯಲ್ಲಿ ಯಾವುದೋ ಕಂಪನಿ ಜಾನಪದ ಹಬ್ಬ ಮಾಡಿತು. ಮಿರ್ಚಿ ಮಂಡಕ್ಕಿಯಿಂದ ಹಿಡಿದು ಮೊಹರಂ ಪದದವರೆಗೆ ಎಲ್ಲಕ್ಕೂ ಪೈಪೋಟಿ, ಎಲ್ಲದರ ಹಿಂದೆಯೂ ಅಡುಗೆ ಎಣ್ಣೆಯ ಬ್ಯಾನರ್. ಮೇಳಕ್ಕೆ ಏಳೇ ನಿಮಿಷ. ಗೆದ್ದವರಿಗೆ ವರ್ಷವಿಡೀ ಕಂಪನಿಯ ವೇದಿಕೆ, ಸೋತವರ ಹೆಸರು ಪಟ್ಟಿಯಿಂದಲೇ ಔಟು. ದಾದೇಸಾಬನಿಗೆ ಆ ವೇದಿಕೆ ಬೇಕಿತ್ತು. ಬೇಕಿರಲಿಲ್ಲ ಎಂದರೆ ಸುಳ್ಳಾದೀತು. ವಯಸ್ಸು ಅರವತ್ತು ದಾಟಿದೆ, ಎದೆ ಹತ್ತಿಯ ಧೂಳು ಕುಡಿದಿದೆ, ಇನ್ನೆಷ್ಟು ದಿನ ಹಾಡಿಯಾನು? ಹೊಸ ಅಂಗಿ ಹೊಲಿಸಿಕೊಂಡೇ ಬಂದಿದ್ದ.

ಅವನ ಸವಾಲಿಗೆ ಭರ್ಜರಿ ಚಪ್ಪಾಳೆ ಬಿತ್ತು. ಕರಿಬಸಪ್ಪ ಜವಾಬಿಗೆ ನಿಂತ. ಮೂರನೆಯ ನುಡಿಯಲ್ಲಿ ಕೆಮ್ಮು ಹತ್ತಿ ಸಾಲು ತಪ್ಪಿತು. ತೀರ್ಪುಗಾರರು ಏನೋ ಬರೆದುಕೊಂಡರು. ಇದು ಪೈಪೋಟಿ, ಸುಮ್ಮನಿರಬೇಕು ಎಂಬುದು ನೆನಪಾಗುವ ಮೊದಲೇ ದಾದೇಸಾಬ ಸೊಲ್ಲು ಎತ್ತಿಕೊಟ್ಟುಬಿಟ್ಟಿದ್ದ.

ಸೀಟಿ ಊದಿ ಹಾಡು ನಿಲ್ಲಿಸಿದರು. ಹಬ್ಬದ ಮ್ಯಾನೇಜರ್ ನದೀಮ ಹತ್ತಿರ ಬಂದ.

"ದಾದೇಸಾಬರ, ಎದುರು ಮೇಳಕ್ಕ ಹೇಳಿಕೊಡಂಗಿಲ್ಲ, ರೂಲ್ಸ್ ಐತಿ. ತಪ್ಪಾತು ಅಂತ ಮೈಕಿನ್ಯಾಗ ಒಂದ ಮಾತು ಹೇಳ್ರಿ ಸಾಕು. ಸಾಲು ತಪ್ಪಿದ ಕರಿಬಸಪ್ಪನ ಮೇಳಾನ ಹೊರಗ ಹಾಕ್ತೀವಿ, ನೀವ ಗೆದ್ದಂಗ."

"ಹೇಳಿಬಿಡೋ ದಾದೇಸಾಬ," ಎಂದ ಕರಿಬಸಪ್ಪ, ಕೆಮ್ಮುತ್ತಲೇ. "ನನಗ ಹೊಲ ಐತಿ, ಎತ್ತು ಅದಾವ. ವೇದಿಕೆ ನೀ ತಗೋ."

ದಾದೇಸಾಬನಿಗೆ ಪಿತ್ತ ನೆತ್ತಿಗೇರಿತು. ನದೀಮನ ಮೇಲೆ ಸಿಟ್ಟು ಬಂತು, ಒಂದು ಗಳಿಗೆ ಆಸೆಪಟ್ಟ ತನ್ನ ಮೇಲೆ ಇನ್ನೂ ಹೆಚ್ಚು ಬಂತು. ಮೈಕು ಕಸಿದುಕೊಂಡ.

"ತಪ್ಪು ಆಗಿಲ್ರಿ," ಎಂದ, ಮೈದಾನಕ್ಕೆಲ್ಲ ಕೇಳುವಂತೆ. "ಸವಾಲು ಹಾಕಿದವ ನಾನು. ಜವಾಬು ಅರ್ಧಕ್ಕ ನಿಂತ್ರ ನನ್ನ ಪದಾನೂ ಅರ್ಧ. ಅರ್ಧ ಪದ ಹಾಡಿ ಗೆದ್ದೆ ಅಂತ ಯಾವ ಮಾರಿ ಇಟ್ಕೊಂಡು ಊರಿಗಿ ಹೋಗ್ಲಿ? ಇಬ್ರ ಹೆಸರೂ ಹೊಡೀರಿ."

ಇಬ್ಬರ ಹೆಸರೂ ಪಟ್ಟಿಯಿಂದ ಹೊಡೆದುಹಾಕಿದರು. ಮೈಕು ಬಂದ್ ಮಾಡಿದರು. ದಾದೇಸಾಬ ವೇದಿಕೆಯ ಮೆಟ್ಟಿಲ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತ.

"ಇನ್ನ ಎರಡು ನುಡಿ ಅದಾವಲ್ಲ, ಹಾಡು," ಎಂದು ಕರಿಬಸಪ್ಪನನ್ನು ಪಕ್ಕಕ್ಕೆ ಕೂಡಿಸಿಕೊಂಡ.

"ಜಾಗ ಬಿಡ್ರಿ, ಮುಂದಿನ ಮೇಳ ಹತ್ತಬೇಕು," ಎಂದ ನದೀಮ.

"ಪದ ಮುಗೀಲಿ, ಏಳ್ತೀವಿ."

ಕರಿಬಸಪ್ಪ ಹಾಡಿದ. ಪದ ಮುಗಿಯುವವರೆಗೆ ಮುಂದಿನ ಮೇಳದವರು ಕೆಳಗೆ ನಿಂತು ತಾಳ ಹಾಕಿದರು.